ಕ್ವಿಟೊ ಬೆಟ್ಟದ ಕಪ್ಪೆದೆಯ ಹಮ್ಮಿಂಗ್‌ಬರ್ಡ್: ಮೇಲಿನ ಕಾಡು ಮಾತ್ರ ಉಳಿಸಿದರೆ ಸಾಕಾ?

ಬೆಟ್ಟದ ಹಾದಿ:
ಇಲ್ಲಿ ಹಮ್ಮಿಂಗ್‌ಬರ್ಡ್ ಫೋಟೊಗಳು ಆಗಾಗ ಬರುತ್ತಿರುತ್ತವೆ. ಬಣ್ಣ ನೋಡಿ ಎಲ್ಲರೂ ಒಂದು ಲೈಕ್ ಒತ್ತಿ ಮುಂದೆ ಹೋಗುತ್ತಾರೆ. ಇವತ್ತು ಒಂದೇ ಒಂದು ಹಕ್ಕಿ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನೋಡಿದರೆ ಇದು ಹಕ್ಕಿ ಕಥೆಗಿಂತ ಜಾಸ್ತಿ ಜಮೀನಿನ ಕಥೆ.

ಹೆಸರು ಬ್ಲ್ಯಾಕ್ ಬ್ರೆಸ್ಟೆಡ್ ಪಫ್‌ಲೆಗ್. ಈಕ್ವೆಡಾರ್ ದೇಶದ ರಾಜಧಾನಿ ಕ್ವಿಟೊ ಇದೆಯಲ್ಲ, ಆ ಊರಿನ ಬೆನ್ನಿಗೇ ಪಿಚಿಂಚಾ ಅನ್ನುವ ಜ್ವಾಲಾಮುಖಿ ಬೆಟ್ಟ. ಸತ್ತ ಜ್ವಾಲಾಮುಖಿ ಅಂದುಕೊಳ್ಳಬೇಡಿ, 1999ರಲ್ಲಿ ಸಿಡಿದು ಇಡೀ ಊರಿನ ಮೇಲೆ ಬೂದಿ ಸುರಿಸಿತ್ತು. ಈ ಹಕ್ಕಿಯ ಮುಖ್ಯ ನೆಲೆ ಅದೇ ಬೆಟ್ಟದ ವಾಯುವ್ಯ ಇಳಿಜಾರು. ಉದ್ದ ಒಂಬತ್ತು ಸೆಂಟಿಮೀಟರ್ ಆಸುಪಾಸು. ಗಂಡು ಹೆಚ್ಚೂ ಕಡಿಮೆ ಪೂರ್ತಿ ಕಪ್ಪು, ಗಂಟಲ ಹತ್ತಿರ ನೇರಳೆ ನೀಲಿ ಹೊಳಪು, ಎರಡೂ ಕಾಲಿಗೆ ಹತ್ತಿ ಉಂಡೆ ಕಟ್ಟಿದ ಹಾಗೆ ಬಿಳಿ ಪುಕ್ಕ. 2005ರಲ್ಲಿ ಕ್ವಿಟೊ ನಗರ ಇದನ್ನು ತನ್ನ ಲಾಂಛನ ಹಕ್ಕಿ ಎಂದು ಘೋಷಿಸಿತು. ಊರಲ್ಲಿ ಜನ ಇಪ್ಪತ್ತು ಲಕ್ಷ ದಾಟಿದ್ದಾರೆ, ಲಾಂಛನದ ಹಕ್ಕಿ ಉಳಿದಿರುವುದು ಬಹಳ ಅಂದರೆ ಕೆಲವು ನೂರು.

ಮೊದಲಿಂದಲೂ ಹೀಗಿರಲಿಲ್ಲ. 1852ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಬಿತ್ತು. ಹೆಸರಿಟ್ಟ ಇಬ್ಬರು ಫ್ರೆಂಚರಲ್ಲಿ ಒಬ್ಬರಾದ ಬೂರ್ಸಿಯೇ ಅದಕ್ಕೆ ಸ್ವಲ್ಪ ಮೊದಲು ಈಕ್ವೆಡಾರ್‌ನಲ್ಲಿ ಫ್ರಾನ್ಸ್‌ನ ಕಾನ್ಸುಲ್ ಆಗಿದ್ದವರು. ಲೋಕದ ಮ್ಯೂಸಿಯಂಗಳಲ್ಲಿ ಈ ಹಕ್ಕಿಯ ನೂರಕ್ಕೂ ಹೆಚ್ಚು ಚರ್ಮಗಳಿವೆ, ಹೆಚ್ಚಿನವು ಹಳೇ ಕಾಲದವು. ಅಷ್ಟು ಸುಲಭವಾಗಿ ಸಿಗುತ್ತಿತ್ತು ಅಂದರೆ ಆಗ ಅದೇನೂ ಅಪರೂಪದ ಹಕ್ಕಿಯಾಗಿರಲಿಲ್ಲ, ಅಲ್ವಾ? ಇಪ್ಪತ್ತನೇ ಶತಮಾನದ ನಡುವೆ ಅದು ಕಾಣುವುದೇ ನಿಂತುಹೋಯಿತು. 1980ರಲ್ಲಿ ಮೂರು ಹಕ್ಕಿ ಕಂಡವು. ಮತ್ತೆ ಸುದ್ದಿಯಿಲ್ಲ. ಮತ್ತೊಮ್ಮೆ ಸಿಕ್ಕಿದ್ದು 1993ರಲ್ಲಿ.

ಆಮೇಲೆ ಹೊಕೊಟೊಕೊ ಅನ್ನುವ ಅಲ್ಲಿನ ಸಂರಕ್ಷಣಾ ಸಂಸ್ಥೆ 2001ರಲ್ಲಿ ಪಿಚಿಂಚಾದ ಮಗ್ಗುಲಲ್ಲಿ ಜಾಗ ಕೊಂಡು ಯಾನಾಕೊಚಾ ಅಂತ ರಕ್ಷಿತ ಕಾಡು ಮಾಡಿತು. ಒಳ್ಳೆಯ ಕೆಲಸವೇ, ಎರಡು ಮಾತಿಲ್ಲ. ಆದರೆ ನನ್ನ ತಕರಾರು ಇಲ್ಲಿಂದ ಶುರು. ಈ ಹಕ್ಕಿ ವರ್ಷವಿಡೀ ಒಂದೇ ಎತ್ತರದಲ್ಲಿ ಇರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಮೇಲಿನ ದಿಣ್ಣೆಗಳಲ್ಲಿ, ಸುಮಾರು 2,850ರಿಂದ 3,500 ಮೀಟರ್ ನಡುವೆ ಇರುತ್ತದೆ. ಉಳಿದ ತಿಂಗಳು ಕೆಳಗಿಳಿಯುತ್ತದೆ, 2,400 ಮೀಟರ್‌ವರೆಗೂ. ಹೂವು ಎಲ್ಲಿ ಯಾವಾಗ ಬಿಡುತ್ತದೋ ಹಾಗೆ ಅದರ ಓಡಾಟ. ಅಂದರೆ ಅದಕ್ಕೆ ಬೇಕಾಗಿರುವುದು ಮೇಲಿನಿಂದ ಕೆಳಗಿನವರೆಗೆ ಕಡಿಯದೆ ಬಿಟ್ಟ ಒಂದು ಕಾಡಿನ ಪಟ್ಟಿ. ಈಗ ಏನಾಗಿದೆ ಅಂದರೆ, ಮೇಲೆ ಒಂದು ತುಂಡು ಕಾಡು, ನಡುವೆ ದನದ ಹುಲ್ಲುಗಾವಲು, ಆಲೂಗಡ್ಡೆ ಹೊಲ, ಕಮರಿಗಳಲ್ಲಿ ಮಾತ್ರ ಇನ್ನೊಂದಿಷ್ಟು ಕಾಡು. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಜಾಗದ ವಿಸ್ತೀರ್ಣ ನೋಡಿ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ, ಆದರೆ ವರ್ಷದಲ್ಲಿ ಹೆಚ್ಚಿನ ತಿಂಗಳು ಹಕ್ಕಿ ಇರುವ ಎತ್ತರಕ್ಕೆ ಅಷ್ಟು ಗಮನ ಸಿಗುತ್ತಿಲ್ಲ ಅನ್ನುವುದು ನನ್ನ ವಾದ. ನೀವೇನಂತೀರಿ?

ಧಾರವಾಡ ಪೇಢೆ:
ಚಲೋ ಬರೆದೀರಿ. ಒಂದು ಸಣ್ಣ ಪ್ರಶ್ನೆ, ನಗಬೇಡಿ ಮತ್ತೆ. ನಮ್ಮ ಹಿತ್ತಲಿನ ದಾಸವಾಳಕ್ಕೆ ದಿನಾ ಬೆಳಿಗ್ಗೆ ಬಂದು ಕೊಕ್ಕು ಚುಚ್ಚಿ ಹೋಗುತ್ತದಲ್ಲ, ಅದು ಇದೇ ಜಾತಿಯದಲ್ಲವೇನ್ರೀ? ಪೇಪರಿನವರೂ ಹಮ್ಮಿಂಗ್‌ಬರ್ಡ್ ಅಂತಲೇ ಹಾಕುತ್ತಾರೆ.

ಬಯಾಲಜಿ ಟೀಚರ್:
ಅಲ್ಲ ಸರ್, ಅದು ಸೂರಕ್ಕಿ. ಎರಡಕ್ಕೂ ಹತ್ತಿರದ ಸಂಬಂಧ ಇಲ್ಲ, ಮಕರಂದ ಕುಡಿಯುವ ಕೆಲಸ ಒಂದೇ ಆದ್ದರಿಂದ ಕೊಕ್ಕು ಒಂದೇ ಥರ ಆಗಿದೆ ಅಷ್ಟೆ. ಸೂರಕ್ಕಿ ಹೆಚ್ಚಾಗಿ ಕೊಂಬೆಗೆ ಕೂತು ಕುಡಿಯುತ್ತದೆ. ಹಮ್ಮಿಂಗ್‌ಬರ್ಡ್‌ಗಳು ಈಗ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ, ಸುಮಾರು 360 ಜಾತಿ. ಕುತೂಹಲದ ವಿಷಯ ಅಂದರೆ ಜರ್ಮನಿಯಲ್ಲಿ ಮೂರು ಕೋಟಿ ವರ್ಷಕ್ಕೂ ಹಳೆಯ ಹಮ್ಮಿಂಗ್‌ಬರ್ಡ್ ಪಳೆಯುಳಿಕೆ ಸಿಕ್ಕಿದೆ, 2004ರಲ್ಲಿ ಅದರ ವರದಿ ಬಂತು. ಒಂದು ಕಾಲದಲ್ಲಿ ಯುರೋಪಿನಲ್ಲೂ ಇದ್ದವು!

ಮೂಲ ಪೋಸ್ಟಿಗೆ ಒಂದು ವಿಷಯ ಸೇರಿಸುತ್ತೇನೆ. ಮೂರು ಸಾವಿರ ಮೀಟರ್ ಮೇಲೆ ಗಾಳಿ ತೆಳು. ರೆಕ್ಕೆ ಬಡಿದರೆ ಹಿಡಿತ ಸಿಗುವುದು ಕಷ್ಟ, ಉಸಿರಾಡಲು ಆಮ್ಲಜನಕವೂ ಕಡಿಮೆ. ಹೂವಿನ ಮುಂದೆ ಗಾಳಿಯಲ್ಲೇ ನಿಲ್ಲುವುದು ಪ್ರಾಣಿಲೋಕದಲ್ಲೇ ತುಂಬಾ ದುಬಾರಿ ಕೆಲಸ, ಅದನ್ನು ಆ ಎತ್ತರದಲ್ಲಿ ಮಾಡಬೇಕು. ಅಲ್ಲಿನ ಜಾತಿಗಳು ರೆಕ್ಕೆಯನ್ನು ಇನ್ನೂ ಅಗಲವಾಗಿ ಬೀಸುತ್ತವೆ, ದೇಹಕ್ಕೆ ಹೋಲಿಸಿದರೆ ರೆಕ್ಕೆಯೂ ದೊಡ್ಡದು. ರಕ್ತದ ಹಿಮೊಗ್ಲೋಬಿನ್ ಕೂಡ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುವ ಹಾಗೆ ಬದಲಾಗಿದೆ.

ರಾತ್ರಿ ಇನ್ನೊಂದು ಕಷ್ಟ. ಇಷ್ಟು ಸಣ್ಣ ಮೈ ಆ ಚಳಿಯಲ್ಲಿ ಬೆಚ್ಚಗಿರಬೇಕಾದರೆ ರಾತ್ರಿಯೆಲ್ಲ ತಿನ್ನುತ್ತಲೇ ಇರಬೇಕಾಗುತ್ತಿತ್ತು. ಅದಕ್ಕೇ ಎತ್ತರದ ಹಮ್ಮಿಂಗ್‌ಬರ್ಡ್‌ಗಳು ಮೈ ಬಿಸಿಯನ್ನೇ ಇಳಿಸಿಕೊಂಡು ಒಂಥರಾ ಜಡವಾಗಿ ಬಿದ್ದಿರುತ್ತವೆ. ಪೆರುವಿನ ಆಂಡೀಸ್‌ನಲ್ಲಿ ಅಳೆದಾಗ ಬ್ಲ್ಯಾಕ್ ಮೆಟಲ್‌ಟೇಲ್ ಅನ್ನುವ ಒಂದು ಹಕ್ಕಿಯ ಮೈ ಬಿಸಿ 3.3 ಡಿಗ್ರಿವರೆಗೆ ಇಳಿದಿತ್ತು, 2020ರಲ್ಲಿ ಪ್ರಕಟವಾಯಿತು. ಮುಟ್ಟಿದರೆ ಸತ್ತೇ ಹೋಗಿದೆ ಅನ್ನಬೇಕು. ಬೆಳಿಗ್ಗೆ ಮತ್ತೆ ಮೈ ಕಾಯಿಸಿಕೊಂಡು ಎದ್ದರೆ ಹತ್ತಿರದಲ್ಲೇ ಹೂವು ಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಇವಕ್ಕೆ ಒಂದು ದಿನ ಉಪವಾಸ ಮಾಡುವ ಶಕ್ತಿ ಇಲ್ಲ. ಹಾಗಾಗಿ ಕಾಡಿನ ತುಂಡು ಚಿಕ್ಕದಾದಷ್ಟೂ, ಆ ವಾರ ಅಲ್ಲಿ ಹೂವಿಲ್ಲದಿದ್ದರೆ ಮುಗಿದೇ ಹೋಯಿತು, ಪಕ್ಕದ ತುಂಡಿಗೆ ಹೋಗಲು ದಾರಿ ಇರಬೇಕು. ಬೆಟ್ಟದ ಹಾದಿ ಅವರು ಹೇಳಿದ ಪಟ್ಟಿಯ ಮಾತು ಶರೀರದ ಲೆಕ್ಕದಲ್ಲೂ ಸರಿ.

ನಾಗರಬಾವಿ ನಾಣಿ:
ಅಯ್ಯೋ, ಸಕ್ಕರೆ ನೀರಿನ ಬಾಟಲಿ ನೇತುಹಾಕಿದರೆ ಆಗಲ್ವಾ? ಅಮೆರಿಕದಲ್ಲಿ ಮನೆಮನೆಗೂ ಹಾಕುತ್ತಾರೆ. ಒಂದಿಷ್ಟು ಕೋಟಿ ಖರ್ಚು ಮಾಡಿ ಬೆಟ್ಟ ಕೊಳ್ಳುವ ಬದಲು ಬಾಟಲಿ ಅಗ್ಗ 😄

ಫ್ರೀಮಾಂಟ್ ಕನ್ನಡಿಗ:
ನಾಣಿ ತಮಾಷೆಗೆ ಹೇಳಿದರೂ ಅದರಲ್ಲಿ ಒಂದು ಅಂಶ ಇದೆ. ನಮ್ಮ ಬಾಲ್ಕನಿಗೆ ಬರುವ ಆನಾಸ್ ಹಮ್ಮಿಂಗ್‌ಬರ್ಡ್ ನೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯಾ ಮತ್ತು ಅದರ ದಕ್ಷಿಣಕ್ಕೆ ಮಾತ್ರ ಇದ್ದ ಹಕ್ಕಿ. ಜನ ತೋಟ ಮಾಡಿದರು, ಹೊರಗಿನ ಹೂಗಿಡ ತಂದು ನೆಟ್ಟರು, ಸಕ್ಕರೆ ನೀರು ಇಟ್ಟರು. ಈಗ ಅದು ಉತ್ತರಕ್ಕೆ ಕೆನಡಾವರೆಗೂ ಹೋಗಿ ಚಳಿಗಾಲ ಕಳೆಯುತ್ತದೆ. ಮನುಷ್ಯನ ಜೊತೆ ಹೊಂದಿಕೊಂಡು ಗೆದ್ದ ಹಕ್ಕಿ. ಹಾಗಾದರೆ ಕ್ವಿಟೊದ ಹಕ್ಕಿಗೆ ಯಾಕೆ ಆಗುವುದಿಲ್ಲ? ಊರು ಪಕ್ಕದಲ್ಲೇ ಇದೆ, ತೋಟಗಳೂ ಇವೆ.

(ಸಕ್ಕರೆ ನೀರು ಇಡುವವರಿಗೆ: ಒಂದು ಭಾಗ ಬಿಳಿ ಸಕ್ಕರೆಗೆ ನಾಲ್ಕು ಭಾಗ ನೀರು. ಬಣ್ಣ ಬೇಡ, ಜೇನು, ಬೆಲ್ಲ ಖಂಡಿತ ಬೇಡ. ಮತ್ತೆ ಬಾಟಲಿ ತೊಳೀರಿ ಮಾರಾಯ್ರೆ, ಬೂಸ್ಟು ಹಿಡಿದರೆ ಹಕ್ಕಿ ಸಾಯುತ್ತದೆ.)

ಬೆಟ್ಟದ ಹಾದಿ:
ಫ್ರೀಮಾಂಟ್ ಅಣ್ಣ, ಒಳ್ಳೆಯ ಪ್ರಶ್ನೆ. ಆನಾಸ್ ಬಯಲಲ್ಲೂ ಬದುಕುತ್ತದೆ, ಯಾವ ಹೂವಾದರೂ ಸರಿ, ಯೂಕಲಿಪ್ಟಸ್ ಹೂವನ್ನೂ ಬಿಡುವುದಿಲ್ಲ. ಪಫ್‌ಲೆಗ್ ಹಾಗಲ್ಲ. ಅದು ಇರುವುದು ದಿಣ್ಣೆ ಮೇಲಿನ ಕುಳ್ಳ ಮರಗಳ ಮೋಡದ ಕಾಡಿನಲ್ಲಿ, ಪಾಚಿ ಮೆತ್ತಿಕೊಂಡು ಯಾವಾಗಲೂ ತೊಟ್ಟಿಕ್ಕುತ್ತಿರುವ ಕಾಡು. ಅಲ್ಲಿ ಪಲಿಕೌರಿಯಾ ಅನ್ನುವ ಗಿಡದ ಹೂವು ಅದಕ್ಕೆ ಮುಖ್ಯ, ಜೊತೆಗೆ ಮ್ಯಾಕ್ಲೀನಿಯಾ, ತಿಬೋಡಿಯಾದಂಥ ಒಂದಷ್ಟು. ಪಲಿಕೌರಿಯಾ ನಮ್ಮ ಕಾಫಿ ಗಿಡದ ಕುಟುಂಬದ್ದೇ, ನೆರಳು ತೇವ ಎರಡೂ ಬೇಡುತ್ತದೆ. ಮರ ಹೋದರೆ ಕೆಳಗಿನ ಈ ಗಿಡ ಬಿಸಿಲಿಗೆ ಸುಟ್ಟು ಹೋಗುತ್ತದೆ, ಇಲ್ಲವೇ ದನ ತುಳಿಯುತ್ತದೆ.

ಇನ್ನು ಬಾಟಲಿ. ಯಾನಾಕೊಚಾದಲ್ಲೂ ಬಾಟಲಿ ನೇತುಹಾಕಿದ್ದಾರೆ, ಪ್ರವಾಸಿಗರಿಗೆ ಅದೇ ದೊಡ್ಡ ಆಕರ್ಷಣೆ. ಮೈಗಿಂತ ಉದ್ದ ಕೊಕ್ಕಿನ ಸ್ವೋರ್ಡ್‌ಬಿಲ್, ಗ್ರೇಟ್ ಸಫೈರ್‌ವಿಂಗ್ ಅಂಥ ದೊಡ್ಡವು ಬರುತ್ತವೆ. ಹಮ್ಮಿಂಗ್‌ಬರ್ಡ್‌ಗಳು ನೋಡಲು ಮುದ್ದು, ಸ್ವಭಾವದಲ್ಲಿ ರೌಡಿಗಳು. ದೊಡ್ಡದು ಸಣ್ಣದನ್ನು ಓಡಿಸುತ್ತದೆ. ಅಲ್ಲದೆ ಸಕ್ಕರೆ ನೀರು ಕುಡಿಸಿ ಮರಿ ಸಾಕಲು ಆಗುವುದಿಲ್ಲ, ಮರಿಗೆ ಸಣ್ಣ ಹುಳ, ಜೇಡ ಬೇಕು. ಅವು ಸಿಗುವುದು ಪಾಚಿ ಮೆತ್ತಿದ ಕೊಂಬೆಯಲ್ಲಿ.

ಹಾಸನ ಆಲೂ:
ನಾನು ಆಲೂಗಡ್ಡೆ ಬೆಳೆಯುವವನು, ಹಾಗಾಗಿ ಸುಮ್ನೆ ಓದಿಕೊಂಡು ಹೋಗಲು ಆಗಲಿಲ್ಲ. ಇಂಥ ಪೋಸ್ಟುಗಳಲ್ಲಿ ಕೊನೆಗೆ ಬೈಸಿಕೊಳ್ಳುವವನು ರೈತನೇ. "ಆಲೂಗಡ್ಡೆ ಹೊಲ, ದನದ ಹುಲ್ಲುಗಾವಲು" ಅಂತ ಬರೆದುಬಿಟ್ಟಿರಿ, ಸರಿ. ಆದರೆ ಮೂರು ಸಾವಿರ ಮೀಟರ್ ಮೇಲೆ, ನಿಂತರೆ ಜಾರುವ ಇಳಿಜಾರಿನಲ್ಲಿ, ಮಂಜು ಬಿದ್ದು ಬೆಳೆ ಹೋಗುವ ಜಾಗದಲ್ಲಿ ಯಾರಾದರೂ ಖುಷಿಗೆ ಹೊಲ ಮಾಡುತ್ತಾರಾ? ನಮ್ಮಲ್ಲಿ ಅಂಗಮಾರಿ ಬಂದು ಒಂದೇ ವಾರದಲ್ಲಿ ಹೊಲ ಕರಕಲಾಗಿ ಎಷ್ಟು ಜನ ಜೋಳಕ್ಕೆ, ಶುಂಠಿಗೆ ಹೋದರು ಗೊತ್ತಲ್ಲ. ಆಲೂಗಡ್ಡೆ ಹುಟ್ಟಿದ್ದೇ ಆ ಆಂಡೀಸ್ ಬೆಟ್ಟದಲ್ಲಿ. ಅಲ್ಲಿಯೂ ಕೆಳಗೆ ಬಿಸಿ ಜಾಸ್ತಿ ಆದರೆ ರೋಗಕ್ಕೆ ಹೆದರಿ ಮೇಲೆ ಹತ್ತುತ್ತಾರೆ ಅಂತ ನನ್ನ ಅಂದಾಜು.

ನನ್ನ ಪ್ರಶ್ನೆ ಇಷ್ಟೇ. ಆ ದಿಣ್ಣೆಗೆ ರೈತನನ್ನು ಹತ್ತಿಸಿದವರು ಯಾರು? ಕೆಳಗಿನ ಚಪ್ಪಟೆ ನೆಲ ಯಾರ ಕೈಯಲ್ಲಿದೆ?

ಶಿರಸಿ ಹುಡುಗಿ:
ಆಲೂ ಅಣ್ಣ ಕೇಳಿದ್ದು ಸರಿಯಾದ ಜಾಗಕ್ಕೇ ಬಡಿಯಿತು. ಪಕ್ಷಿ ವರದಿಗಳಲ್ಲಿ "ಬೇಸಾಯದ ಒತ್ತಡ" ಅಂತ ಎರಡು ಪದದಲ್ಲಿ ಮುಗಿಸಿಬಿಡುತ್ತಾರೆ, ಅದರ ಹಿಂದೆ ಇರುವುದನ್ನು ಯಾರೂ ಬರೆಯುವುದಿಲ್ಲ.

ಈಕ್ವೆಡಾರ್ ಬೆಟ್ಟಗಳಲ್ಲಿ ಚಪ್ಪಟೆ ಕಣಿವೆ ನೆಲ ನೂರಾರು ವರ್ಷ ದೊಡ್ಡ ಜಮೀನ್ದಾರಿಗಳ ಕೈಯಲ್ಲಿತ್ತು. ಮೂಲನಿವಾಸಿ ಕುಟುಂಬಗಳು ಒಂದು ತುಂಡು ನೆಲ ಉಳುವ ಅವಕಾಶಕ್ಕಾಗಿ ಒಡೆಯನ ಹೊಲದಲ್ಲಿ ಹೆಚ್ಚೂ ಕಡಿಮೆ ಬಿಟ್ಟಿ ದುಡಿಯಬೇಕಿತ್ತು. 1964ರ ಭೂಸುಧಾರಣಾ ಕಾನೂನು ಆ ಪದ್ಧತಿ ರದ್ದು ಮಾಡಿತು. ಕಾಗದದ ಮೇಲೆ ದೊಡ್ಡ ಜಯ. ಆದರೆ ಬಹಳ ಕಡೆ ಒಡೆಯರು ಒಳ್ಳೆಯ ನೆಲ ಇಟ್ಟುಕೊಂಡು, ದುಡಿದವರಿಗೆ ಕೊಟ್ಟಿದ್ದು ಮೇಲಿನ ಕಡಿದಾದ, ಚಳಿ ಹೊಡೆಯುವ ಇಳಿಜಾರು. ಅದರ ಜೊತೆಗೆ ಕಾಡು ಬಿಟ್ಟ ಜಮೀನು "ಉಪಯೋಗಿಸದ" ಜಮೀನು ಅನ್ನುವ ಲೆಕ್ಕ ಬೇರೆ. ಕಡಿದು ಬೇಸಾಯ ತೋರಿಸಿದವನಿಗೆ ಹಕ್ಕು ಗಟ್ಟಿ, ಬಿಟ್ಟವನಿಗೆ ಕಳೆದುಕೊಳ್ಳುವ ಭಯ. ನಮ್ಮಲ್ಲಿ ಬಗರ್ ಹುಕುಂ ಅರ್ಜಿ ಹಾಕಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಇದ್ದಿಲು. ಪಿಚಿಂಚಾ ಮೇಲಿನ ಕಾಡಿನ ಮರ ಸುಟ್ಟು ಇದ್ದಿಲು ಮಾಡಿ ಕ್ವಿಟೊಗೆ ಮಾರುವುದು ಹಳೇ ಕಸುಬು. ಊರು ಬೆಳೆದ ಹಾಗೆ ಬೇಡಿಕೆ. ಪಾಲಿಲೆಪಿಸ್ ಅಂತ ಒಂದು ಮರ ಇದೆ, ತೊಗಟೆ ಪದರ ಪದರವಾಗಿ ಸುಲಿಯುತ್ತದೆ, ಲೋಕದಲ್ಲೇ ಅತಿ ಎತ್ತರದಲ್ಲಿ ಬೆಳೆಯುವ ಮರಗಳಲ್ಲಿ ಒಂದು, ಬೆಳೆಯುವುದು ಬಹಳ ನಿಧಾನ. ಒಂದು ಸಲ ಕಡಿದರೆ ಕಡಿದವನ ಜೀವಮಾನದಲ್ಲಿ ಮತ್ತೆ ಅಷ್ಟು ದಪ್ಪ ಆಗುವುದಿಲ್ಲ.

ಮೂರನೆಯದು ರೈತನಿಗೂ ಇದ್ದಿಲಿನವನಿಗೂ ಸಂಬಂಧ ಇಲ್ಲದ್ದು. 2001ರಿಂದ 2003ರ ನಡುವೆ ಅಮೆಜಾನ್ ಕಡೆಯ ಕಚ್ಚಾ ತೈಲವನ್ನು ಸಮುದ್ರಕ್ಕೆ ಸಾಗಿಸಲು ಒಂದು ದೊಡ್ಡ ಪೈಪ್‌ಲೈನ್ ಹಾಕಿದರು, ಅದು ಹೋಗಿದ್ದು ಈ ಬೆಟ್ಟದ ಉತ್ತರದ ಮಗ್ಗುಲಿನಿಂದಲೇ, ಮಿಂಡೊ ಕಾಡಿನ ದಿಣ್ಣೆಗಳ ಮೇಲೆ. ಜನ ಮರ ಹತ್ತಿ ಕೂತು ವಿರೋಧಿಸಿದರು. ಪೈಪ್ ಹೋಯಿತು. ದಿಣ್ಣೆಯ ನೆತ್ತಿಯ ಮೇಲೇ ದಾರಿ ಕೊರೆದಾಗ ದಿಣ್ಣೆಯ ಕಾಡಿನ ಹಕ್ಕಿಗೆ ಏನಾಗುತ್ತದೆ ಅನ್ನುವುದಕ್ಕೆ ಪಿಎಚ್‌ಡಿ ಬೇಡ.

ಹಾಸನ ಆಲೂ:
ಧನ್ಯವಾದ ತಂಗಿ. ಇಷ್ಟು ಬರೆದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಪೈಪಿನವನ ಹೆಸರು ಕೊನೆಗೆ ಬರುತ್ತದೆ, ಆಲೂಗಡ್ಡೆಯವನ ಹೆಸರು ಮೊದಲಿಗೆ, ಯಾವಾಗಲೂ ಹೀಗೆಯೇ.

ನಾಗರಬಾವಿ ನಾಣಿ:
ಈಗ ಸೀರಿಯಸ್ ಆಗಿ ಕೇಳುತ್ತೇನೆ. ಭೂಮಿ ಬಿಸಿಯಾಗುತ್ತಿದೆ, ಹಕ್ಕಿಗಳು ಮೇಲಕ್ಕೆ ಹೋಗುತ್ತವೆ, ಬೆಟ್ಟದ ತುದಿಯಲ್ಲಿ ಜಾಗ ಮುಗಿಯುತ್ತದೆ ಅಂತ ಎಲ್ಲ ಕಡೆ ಓದುತ್ತೇವೆ. ಆದರೆ ಪಿಚಿಂಚಾ 4,784 ಮೀಟರ್ ಇದೆ ಅಂತ ಗೂಗಲ್ ಹೇಳುತ್ತದೆ. ಹಕ್ಕಿ 3,500ರಲ್ಲಿದೆ. ಇನ್ನೂ ಸಾವಿರಕ್ಕೂ ಹೆಚ್ಚು ಮೀಟರ್ ಖಾಲಿ ಇದೆಯಲ್ಲ, ಹತ್ತಲಿ ಬಿಡಿ?

ಶಿರಸಿ ಹುಡುಗಿ:
ಬೆಟ್ಟ ಇದೆ, ಕಾಡು ಇಲ್ಲ. 3,500-3,600 ಮೀಟರ್ ದಾಟಿದರೆ ಅಲ್ಲಿ ಶುರುವಾಗುವುದು ಪಾರಮೊ, ಅಂದರೆ ಎತ್ತರದ ಹುಲ್ಲುಗಾವಲು. ತೇವ ಹಿಡಿದಿಡುವ ಮೆತ್ತನೆ ಮಣ್ಣು, ಗೊಂಚಲು ಹುಲ್ಲು. ಬಿಸಿ ಏರಿದ ಹಾಗೆ ಕಾಡಿನ ಅಂಚೂ ನಿಧಾನ ಮೇಲೆ ಹತ್ತಬೇಕು, ಆಗ ಹಕ್ಕಿಯೂ ಹಿಂದೆ ಹೋಗಬಹುದು. ಆದರೆ ದನಕ್ಕೆ ಹೊಸ ಚಿಗುರು ಬರಲಿ ಅಂತ ಪಾರಮೊಗೆ ಬೆಂಕಿ ಇಡುತ್ತಾರೆ. ಒಂದು ಸಲ ಬೆಂಕಿ ಹೋದರೆ ಅಂಚಿನಲ್ಲಿ ಹುಟ್ಟಿದ ಸಸಿಗಳೆಲ್ಲ ಹೋಗುತ್ತವೆ. ಹುಲ್ಲು ವಾಪಸ್ ಬರುತ್ತದೆ, ಮರ ಬರುವುದಿಲ್ಲ. ಹೀಗೆ ಮೇಲಿನಿಂದ ಬೆಂಕಿ ಕಾಡಿನ ಅಂಚನ್ನು ಕೆಳಕ್ಕೆ ತಳ್ಳುತ್ತದೆ, ಕೆಳಗಿನಿಂದ ಹೊಲ ಮೇಲಕ್ಕೆ ಬರುತ್ತದೆ. ನಡುವಿನ ಪಟ್ಟಿ ತೆಳುವಾಗುತ್ತಾ ಹೋಗುತ್ತದೆ.

ಪಾರಮೊದಲ್ಲೂ ಹಮ್ಮಿಂಗ್‌ಬರ್ಡ್ ಇವೆ, ಆದರೆ ಅವು ಬೇರೆ ಜಾತಿ. ಅದರಲ್ಲೊಂದರ ಕಥೆ ಇಲ್ಲಿ ಹೇಳಲೇಬೇಕು. 2017ರಲ್ಲಿ ಫ್ರಾನ್ಸಿಸ್ಕೊ ಸೊರ್ನೊಸಾ ಅನ್ನುವ ಪಕ್ಷಿತಜ್ಞರು ಈಕ್ವೆಡಾರ್‌ನ ದಕ್ಷಿಣಕ್ಕೆ, ಸೆರೊ ದೆ ಆರ್ಕೋಸ್ ಅನ್ನುವ ಕಲ್ಲು ಬೆಟ್ಟಕ್ಕೆ ಹೋಗಿದ್ದಾಗ ಅಲ್ಲಿ ಇರಬಾರದ ಒಂದು ಹಿಲ್‌ಸ್ಟಾರ್ ಹಕ್ಕಿಯ ಫೋಟೊ ತೆಗೆದರು. ವಾಪಸ್ ಹೋಗಿ ನೋಡಿದರೆ ಗಂಡಿನ ಗಂಟಲು ಗಾಢ ನೀಲಿ. ಲೋಕಕ್ಕೇ ಗೊತ್ತಿಲ್ಲದ ಜಾತಿ! 2018ರಲ್ಲಿ ಬ್ಲೂ ಥ್ರೋಟೆಡ್ ಹಿಲ್‌ಸ್ಟಾರ್ ಅಂತ ಹೆಸರಾಯಿತು. ಅದರ ನೆಲೆ ಸುಮಾರು 100 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಬೆಂಗಳೂರು ನಗರದೊಳಗೆ ಅಂಥವು ಆರೇಳು ಹಿಡಿಸುತ್ತವೆ. ಹಕ್ಕಿಗಳು 750 ದಾಟಲಾರವು ಅಂತ ಕಂಡುಹಿಡಿದವರೇ ಬರೆದರು. ಹೆಸರಿಟ್ಟ ಪ್ರಬಂಧದಲ್ಲೇ ಅದು ಅಳಿವಿನ ತುದಿಯಲ್ಲಿದೆ ಅಂತಲೂ ಬರೆಯಬೇಕಾಯಿತು. ಅಲ್ಲಿಯೂ ಅದೇ ಬೆಂಕಿ, ಅದೇ ದನ, ಜೊತೆಗೆ ಚಿನ್ನದ ಗಣಿಗಾರಿಕೆಯ ಭಯ.

ಹಿಲ್‌ಸ್ಟಾರ್ ಬದುಕುವ ರೀತಿ ಬೇರೆ. ಚುಕಿರಾಗುವಾ ಅನ್ನುವ ಕಿತ್ತಳೆ ಹೂವಿನ ಪೊದೆ ಅದರ ಮುಖ್ಯ ಆಹಾರ. ಗಾಳಿಯಲ್ಲಿ ನಿಲ್ಲುವ ಖರ್ಚು ಉಳಿಸಲು ಕಾಲಿನಿಂದ ಕೊಂಬೆಗೆ ಜೋತುಬಿದ್ದು ಕುಡಿಯುತ್ತದೆ. ಗೂಡು ಕಟ್ಟುವುದು ಕಲ್ಲಿನ ಸಂದಿ, ತೊರೆಯ ಬದಿಯ ಗೋಡೆಗಳಲ್ಲಿ. ಅಲ್ಲಿ ಬೆಂಕಿಯಿಂದ ಪೊದೆ ಉಳಿಸಿದರೆ ದೊಡ್ಡ ಕೆಲಸ ಆದಂತೆ. ಪಫ್‌ಲೆಗ್‌ಗೆ ಅಷ್ಟು ಸಾಲದು, ಅದಕ್ಕೆ ಮರ ಬೇಕು.

ಮಲ್ನಾಡ್ ಮಳೆ:
ಹುಲ್ಲುಗಾವಲು, ಅದರ ಮಡಿಕೆಯಲ್ಲಿ ಕುಳ್ಳ ಕಾಡು, ಮಂಜು, ಬೆಂಕಿ... ಓದುತ್ತಾ ಬಾಬಾಬುಡನ್‌ಗಿರಿಯ ಶೋಲಾ ನೆನಪಾಯಿತು. ನೀಲಗಿರಿ ಬ್ಲೂ ರಾಬಿನ್ ಅನ್ನುವ ಹಕ್ಕಿಯೂ ಹೀಗೇ ಶೋಲಾ ಬಿಟ್ಟು ಹೊರಗೆ ಬರದ ಹಕ್ಕಿ, ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತಿದ್ದೂ ಸುಪ್ರೀಂ ಕೋರ್ಟಿನಿಂದ. ಈಕ್ವೆಡಾರ್‌ನಲ್ಲಿ ಗಣಿ ವಿಷಯ ಏನಾಯಿತು? ಕೋರ್ಟಿಗೆ ಹೋದರಾ?

ಫ್ರೀಮಾಂಟ್ ಕನ್ನಡಿಗ:
ಅದನ್ನು ನಾನು ಸ್ವಲ್ಪ ಹಿಂಬಾಲಿಸಿದ್ದೇನೆ. ಕೋರ್ಟೂ ಆಯಿತು, ಓಟೂ ಆಯಿತು. ಈಕ್ವೆಡಾರ್ 2008ರ ಸಂವಿಧಾನದಲ್ಲಿ ಪ್ರಕೃತಿಗೇ ಹಕ್ಕು ಕೊಟ್ಟ ದೇಶ. 2021ರಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟು ಲಾಸ್ ಸೆಡ್ರೋಸ್ ಅನ್ನುವ ಮೋಡದ ಕಾಡಿನಲ್ಲಿ ಗಣಿಗಾರಿಕೆ ಪ್ರಕೃತಿಯ ಆ ಹಕ್ಕುಗಳಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಆ ಕಾಡು ಇರುವುದು ಕ್ವಿಟೊದ ಉತ್ತರಕ್ಕೆ, ಇಂಟಾಗ್ ಕಣಿವೆಯ ಕಡೆ. ಅದೇ ಕಡೆ ಟೊಯ್ಸಾನ್ ಬೆಟ್ಟಸಾಲಿನಲ್ಲಿ 2006ರಲ್ಲಿ ನಮ್ಮ ಪಫ್‌ಲೆಗ್‌ನ ಇನ್ನೊಂದು ಗುಂಪು ಸಿಕ್ಕಿತ್ತು, ಅಲ್ಲಿಯವರೆಗೆ ಪಿಚಿಂಚಾದಲ್ಲಿ ಮಾತ್ರ ಇದೆ ಅಂದುಕೊಂಡಿದ್ದರು. ಅಲ್ಲೇ ದೊಡ್ಡ ತಾಮ್ರದ ಗಣಿ ಯೋಜನೆಯೂ ಇತ್ತು, ಯೂರಿಮಾಗ್ವಾ ಅಂತ. ಊರಿನವರು ವರ್ಷಾನುಗಟ್ಟಲೆ ಹೋರಾಡಿದರು. 2023ರಲ್ಲಿ ಪ್ರಾಂತ್ಯದ ಕೋರ್ಟು ಅದರ ಪರಿಸರ ಲೈಸೆನ್ಸ್ ರದ್ದು ಮಾಡಿತು.

ಓಟಿನ ವಿಷಯ: 2023ರ ಆಗಸ್ಟ್ 20ರಂದು ಕ್ವಿಟೊದವರಿಗೆ ಒಂದು ಜನಮತ. ನಗರದ ವಾಯುವ್ಯದ ಚೊಕೊ ಆಂಡಿನೊ ಕಾಡಿನಲ್ಲಿ ಲೋಹದ ಗಣಿ ಬೇಡವೇ ಅಂತ ಪ್ರಶ್ನೆ. ಸುಮಾರು ಶೇ 68ರಷ್ಟು ಜನ ಬೇಡ ಅಂದರು. ರಾಜಧಾನಿಯ ಜನ ಬೆಟ್ಟದ ಕಾಡಿಗೆ ಓಟು ಹಾಕಿ ಗೆಲ್ಲಿಸಿದ್ದು ಎಲ್ಲಾದರೂ ಕೇಳಿದ್ದೀರಾ? ನನಗಂತೂ ಖುಷಿಯಾಯಿತು.

ಹಾಸನ ಆಲೂ:
ಖುಷಿ ಪಡಿ, ಬೇಡ ಅನ್ನುವುದಿಲ್ಲ. ಗಣಿ ಬೇಡ ಅಂತ ನಾನೂ ಒತ್ತುತ್ತಿದ್ದೆ. ಆದರೆ ಆ ಓಟಿಗೆ ಸಿಟಿಯವನ ಜೇಬಿನಿಂದ ಒಂದು ಪೈಸೆ ಹೋಗಲಿಲ್ಲ. ನಾಳೆ "ಹಕ್ಕಿಗಾಗಿ ನಿನ್ನ ದನ ಕೆಳಗಿಳಿಸು" ಅಂತ ಬೆಟ್ಟದವನಿಗೆ ಹೇಳುವಾಗ ಯಾರು ದುಡ್ಡು ಕೊಡುತ್ತಾರೆ? ಓಟಿನ ಪೆಟ್ಟಿಗೆ ಕೊಡಲ್ಲ.

ಬೆಟ್ಟದ ಹಾದಿ:
ಆಲೂ ಅಣ್ಣ, ಇದಕ್ಕೆ ಪೂರ್ತಿ ಉತ್ತರ ಇಲ್ಲದಿದ್ದರೂ ಅರ್ಧ ಉತ್ತರ ಕ್ವಿಟೊದಲ್ಲೇ ಇದೆ. ನೀರು. ಊರಿಗೆ ಬರುವ ನೀರು ಬೆಟ್ಟದ ಕಾಡು ಮತ್ತು ಪಾರಮೊದಿಂದ ಬರುತ್ತದೆ. 2000ದಲ್ಲಿ ಅಲ್ಲಿ ಒಂದು ನೀರಿನ ನಿಧಿ ಶುರು ಮಾಡಿದರು. ನಗರದ ನೀರು ಸರಬರಾಜು ಸಂಸ್ಥೆ ತನ್ನ ಆದಾಯದ ಶೇ 2ರಷ್ಟನ್ನು ಅದಕ್ಕೆ ಹಾಕುತ್ತದೆ. ಆ ದುಡ್ಡಿನಲ್ಲಿ ಮೇಲಿನ ಜಾಗ ಕಾಯುವುದು, ಗಿಡ ನೆಡುವುದು, ಊರಿನವರನ್ನೇ ಕಾವಲಿಗೆ ಇಟ್ಟುಕೊಳ್ಳುವುದು, ಹೀಗೆ. ಅಂದರೆ ಸಿಟಿಯವನು ನಲ್ಲಿ ತಿರುಗಿಸಿದಾಗಲೆಲ್ಲ ಸ್ವಲ್ಪ ದುಡ್ಡು ಬೆಟ್ಟಕ್ಕೆ ಹೋಗುತ್ತದೆ. ಓಟಿಗಿಂತ ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. ಓಟು ಒಂದು ದಿನದ್ದು, ನೀರಿನ ಬಿಲ್ಲು ಪ್ರತಿ ತಿಂಗಳದ್ದು.

ನನ್ನ ಆಸೆ ಏನೆಂದರೆ ಈ ಥರದ ದುಡ್ಡು ಪಾರಮೊಗೆ ಮಾತ್ರ ಹೋಗದೆ, ನೋನೊ ಅಂಥ ಹಾಲಿನ ಊರುಗಳ ಸುತ್ತ, 2,400ರಿಂದ 3,000 ಮೀಟರ್‌ನ ಖಾಸಗಿ ಹುಲ್ಲುಗಾವಲುಗಳಿಗೂ ಹೋಗಬೇಕು. ಯಾರ ಜಮೀನನ್ನೂ ಪೂರ್ತಿ ಬಿಡಿಸಬೇಕಾಗಿಲ್ಲ. ಕಮರಿಗೆ ದನ ಇಳಿಯದ ಹಾಗೆ ಬೇಲಿ, ಹೊಲದ ಬದುವಿನಲ್ಲಿ ಮರ, ಎರಡು ಕಮರಿಗಳ ನಡುವೆ ಒಂದು ಸಾಲು. ಅಷ್ಟಾದರೆ ಹಕ್ಕಿಗೆ ಓಡಾಡಲು ಜಾಗ ಆಗುತ್ತದೆ. ಯಾನಾಕೊಚಾದಲ್ಲೇ ಹಳೇ ಹುಲ್ಲುಗಾವಲಿನಲ್ಲಿ ಸ್ಥಳೀಯ ಮರ ನೆಟ್ಟು ಕಾಡು ಮಾಡುತ್ತಿದ್ದಾರೆ, ಆಗದ ಕೆಲಸವೇನಲ್ಲ.

ಹಾಸನ ಆಲೂ:
ಬದುವಿಗೆ ಯಾವ ಮರ ಹಾಕುತ್ತಾರೆ? ನೆರಳು ಬಿದ್ದರೆ ಹುಲ್ಲು ಕಮ್ಮಿ ಆಗುತ್ತದೆ, ಯಾವ ರೈತನೂ ಒಪ್ಪಲ್ಲ.

ಬೆಟ್ಟದ ಹಾದಿ:
ಅಲ್ಲಿ ಅಲಿಸೊ ಅಂತ ಒಂದು ಮರ ಇದೆ, ಆಂಡೀಸ್‌ನದೇ ಆಲ್ಡರ್. ಬೇಗ ಬೆಳೆಯುತ್ತದೆ, ಬೇರಿನಲ್ಲಿ ಸಾರಜನಕ ಕಟ್ಟುತ್ತದೆ, ಅದರ ಕೆಳಗೆ ಹುಲ್ಲು ಚೆನ್ನಾಗಿ ಬರುತ್ತದೆ ಅಂತಲೇ ಹಾಲಿನ ರೈತರು ಮೊದಲಿನಿಂದ ಬೆಳೆಸುತ್ತಾರೆ. ಗಾಳಿಗೂ ತಡೆ. ಆದರೆ ಅಲಿಸೊ ಹೂವಿನಲ್ಲಿ ಹಮ್ಮಿಂಗ್‌ಬರ್ಡ್‌ಗೆ ಮಕರಂದ ಇಲ್ಲ. ಅದರ ಮರೆಯಲ್ಲಿ ಪಲಿಕೌರಿಯಾ, ಫ್ಯೂಷಿಯಾ ಥರದ ಪೊದೆ ಏಳಬೇಕು, ಅದಕ್ಕೆ ದನ ಬಾಯಿ ಹಾಕದ ಹಾಗೆ ಮೊದಲ ಕೆಲವು ವರ್ಷ ತಂತಿ ಬೇಕು. ತಂತಿಯ ಖರ್ಚು ರೈತನ ತಲೆಗೆ ಕಟ್ಟಬಾರದು.

ಹಾಸನ ಆಲೂ:
ತಂತಿ ಅವರೇ ಕೊಟ್ಟರೆ ನಾನಾದರೆ ಒಪ್ಪುತ್ತೇನೆ. ಕಂಬ ಕೂಡ.

ಧಾರವಾಡ ಪೇಢೆ:
ಮುಂದಿನ ವರ್ಷ ಮಗಳು ಕ್ವಿಟೊಗೆ ಕಾನ್ಫರೆನ್ಸಿಗೆ ಹೋಗುವವಳಿದ್ದಾಳೆ. ಈ ಹಕ್ಕಿ ನೋಡಲು ಆಗುತ್ತದೇನ್ರೀ? ಬೆಟ್ಟ ಹತ್ತುವುದು ಕಷ್ಟವಾ?

ಬೆಟ್ಟದ ಹಾದಿ:
ಯಾನಾಕೊಚಾ ಊರಿನಿಂದ ದೂರ ಇಲ್ಲ, ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನಕ್ಕೆ ವಾಪಸ್ ಬರಬಹುದು. ಮುಖ್ಯ ದಾರಿ ಬೆಟ್ಟದ ಮೈಗೆ ಅಂಟಿಕೊಂಡು ಹೆಚ್ಚೂ ಕಡಿಮೆ ಸಮತಟ್ಟಾಗಿ ಸಾಗುತ್ತದೆ, ಹಳೇ ನೀರಿನ ಕಾಲುವೆಯ ಜಾಡು ಅದು. ಕಷ್ಟ ಕೊಡುವುದು ಎತ್ತರ, 3,500 ಮೀಟರ್ ಹತ್ತಿರ. ಇಳಿದ ಮರುದಿನವೇ ಹೋಗಬೇಡ ಅನ್ನಿ, ಕ್ವಿಟೊದಲ್ಲಿ ಎರಡು ದಿನ ಇದ್ದು ಮೈ ಹೊಂದಿಸಿಕೊಳ್ಳಲಿ. ಮಧ್ಯಾಹ್ನದ ಹೊತ್ತಿಗೆ ಮೋಡ ಮುಚ್ಚುತ್ತದೆ. ಕಪ್ಪೆದೆಯದು ಕಾಣುವ ಗ್ಯಾರಂಟಿ ಯಾರೂ ಕೊಡುವುದಿಲ್ಲ, ನವೆಂಬರ್‌ನಿಂದ ಫೆಬ್ರವರಿ ನಡುವೆ ಹೋದರೆ ಅವಕಾಶ ಸ್ವಲ್ಪ ಜಾಸ್ತಿ.

ಮಲ್ನಾಡ್ ಮಳೆ:
ನನ್ನ ಗೆಳೆಯನೊಬ್ಬ ಹೋಗಿಬಂದಿದ್ದಾನೆ, ಈ ಹಕ್ಕಿಯ ಫೋಟೊ ಸಿಕ್ಕಿದೆ ಅನ್ನುತ್ತಾನೆ. ಹಸಿರು ಮೈ, ಹಣೆ ನೀಲಿ, ಬಾಲ ಉದ್ದ, ತುದಿ ಸೀಳಿದೆ, ಕಾಲಿನಲ್ಲಿ ಬಿಳಿ ಪುಕ್ಕ. ಇದೇ ತಾನೇ?

ಬೆಟ್ಟದ ಹಾದಿ:
ಅಲ್ಲ. ಹಣೆ ನೀಲಿ, ಬಾಲ ಉದ್ದ ಅಂದರೆ ಅದು ಸಫೈರ್ ವೆಂಟೆಡ್ ಪಫ್‌ಲೆಗ್, ಅದರ ನೆಂಟ. ಮೈಯಲ್ಲಿ ದೊಡ್ಡದು, ಆ ದಾರಿಯಲ್ಲಿ ಸುಲಭವಾಗಿ ಸಿಗುತ್ತದೆ, ಹೋದವರಲ್ಲಿ ತುಂಬಾ ಜನ ಅದನ್ನೇ ತೋರಿಸುತ್ತಾರೆ. ಕಪ್ಪೆದೆಯದರ ಗಂಡು ಹಸಿರಾಗಿ ಕಾಣುವುದಿಲ್ಲ. ಹೆಣ್ಣಾದರೆ ಗೊಂದಲ ಆಗಬಹುದು, ಅದರ ಮೈ ಕಂಚು ಹಸಿರು, ಆದರೆ ಹಣೆಯಲ್ಲಿ ಆ ನೀಲಿ ಇರುವುದಿಲ್ಲ, ಬಾಲವೂ ಅಷ್ಟು ಉದ್ದ ಇಲ್ಲ. ಗೆಳೆಯರಿಗೆ ಫೋಟೊ ಇಲ್ಲೇ ಹಾಕಲು ಹೇಳಿ, ಜೊತೆಗೆ ಎಷ್ಟು ಎತ್ತರದಲ್ಲಿ, ಯಾವ ತಿಂಗಳು ಅಂತಲೂ ಬರೆಯಲಿ.